ಒಂದು ಬೆಟ್ಟದ ಸಾಲು, ಮೂರು ನದಿಗಳು

ಮಕ್ಕಳೇ, ಹೆಂಚಿನ ಮನೆಯ ಮೇಲೆ ಮಳೆ ಸುರಿದರೆ ಏನಾಗುತ್ತದೆ? ಅರ್ಧ ನೀರು ಬೀದಿಗೆ, ಇನ್ನರ್ಧ ಹಿತ್ತಲಿಗೆ. ನೆತ್ತಿಯ ಮೇಲೆ ಪಕ್ಕಪಕ್ಕದಲ್ಲೇ ಬಿದ್ದ ಎರಡು ಹನಿಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ಚಿಕ್ಕಬಳ್ಳಾಪುರದ ಬಳಿ ಇರುವ ನಂದಿ ಬೆಟ್ಟಗಳ ಸಾಲು ನಮ್ಮ ನಾಡಿನ ಅಂಥದೊಂದು ಮಾಡು. ಭೂಗೋಳದ ಪುಸ್ತಕದಲ್ಲಿ ಇದಕ್ಕೆ ‘ಜಲವಿಭಾಜಕ’ ಎಂಬ ಹೆಸರಿದೆ.

ನಂದಿ ಒಂಟಿ ಬೆಟ್ಟವಲ್ಲ. ಬ್ರಹ್ಮಗಿರಿ, ಚನ್ನಗಿರಿ, ಸ್ಕಂದಗಿರಿ ಅದರ ಒಡಹುಟ್ಟುಗಳು. ಸ್ಕಂದಗಿರಿಗೆ ಕಳವಾರ ದುರ್ಗ ಎಂಬ ಹೆಸರೂ ಉಂಟು. ನಂದಿಯ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಮುಳ್ಳಯ್ಯನಗಿರಿಯಾದರೋ 1,900 ಮೀಟರನ್ನೂ ಮೀರಿದೆ. ಅದರ ಪಕ್ಕದಲ್ಲಿ ನಂದಿ ಕುಳ್ಳನೇ ಸರಿ. ಆದರೆ ಅದು ಮಾಡುವ ಕೆಲಸ ಸಣ್ಣದಲ್ಲ.

ಈ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರಿನ ಕಡೆ ಹೊರಟು, ಆಂಧ್ರವನ್ನು ದಾಟಿ ನೆಲ್ಲೂರಿನ ಬಳಿ ಕಡಲು ಸೇರುತ್ತದೆ. ದಕ್ಷಿಣ ಪಿನಾಕಿನಿ ಹೊಸೂರಿನ ಕಡೆ ತಿರುಗಿ ತಮಿಳುನಾಡಿನ ಕಡಲೂರಿಗೆ ಹೋಗುತ್ತದೆ. ಅರ್ಕಾವತಿ ರಾಮನಗರ, ಕನಕಪುರಗಳ ಮೇಲೆ ಹರಿದು ಸಂಗಮದಲ್ಲಿ ಕಾವೇರಿಯ ಕೈಹಿಡಿಯುತ್ತದೆ. ಕೊನೆಗೆ ಮೂವರೂ ಸೇರುವುದು ಬಂಗಾಳ ಕೊಲ್ಲಿಯನ್ನೇ!

ಅಜ್ಜ ಅಜ್ಜಿಯರೇ, ಬೆಂಗಳೂರಿನ ನಲ್ಲಿಗಳಿಗೆ ಮೊದಲು ನೀರು ಕೊಟ್ಟದ್ದು ಅರ್ಕಾವತಿ ಎಂಬುದು ನಿಮಗೆ ನೆನಪಿರಬಹುದು. 1894ರಲ್ಲಿ ಹೆಸರಘಟ್ಟದ ಕೆರೆಯಿಂದ ನಗರಕ್ಕೆ ನೀರು ತರುವ ಯೋಜನೆ ಸಿದ್ಧವಾಯಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಬಂತು. ಆಮೇಲೆ ಕೆರೆಗಳಿಗೆ ನೀರು ತರುತ್ತಿದ್ದ ಕಾಲುವೆಗಳು ಮುಚ್ಚಿದವು, ಕೊಳವೆಬಾವಿಗಳು ಆಳಕ್ಕಿಳಿದವು, ಹೊಳೆ ಸೊರಗಿತು. ಈಗ ನಗರ ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯಿಂದ ನೀರನ್ನು ಮೇಲೆತ್ತಿ ಕುಡಿಯುತ್ತಿದೆ.

ಬೆಟ್ಟ ಅಲ್ಲೇ ಇದೆ, ಮಳೆಯೂ ಬೀಳುತ್ತದೆ. ಆದರೆ ಮಾಡು ಗಟ್ಟಿಯಿದ್ದರೆ ಸಾಲದು, ಸೂರಿನ ನೀರು ಹರಿಯಲು ದಾರಿಯೂ ಬೇಕು. ಬೆಟ್ಟದ ಬುಡದ ಒಂದೊಂದು ಹಳ್ಳ, ಒಂದೊಂದು ಕಾಲುವೆ ಆ ದಾರಿ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ನಿಮ್ಮ ಮನೆಯ ಮುಂದೆ ಬಿದ್ದ ಮಳೆ ಯಾವ ಚರಂಡಿಗೆ, ಯಾವ ಕೆರೆಗೆ, ಯಾವ ನದಿಗೆ ಹೋಗುತ್ತದೆ? ಹಿಂದೆ ಆ ನೀರು ಹೇಗೆ ಹರಿಯುತ್ತಿತ್ತೆಂದು ಅಜ್ಜನನ್ನೋ ಅಜ್ಜಿಯನ್ನೋ ಕೇಳಿ, ಇಬ್ಬರೂ ಕೂತು ಒಂದು ನಕ್ಷೆ ಬರೆಯಿರಿ. ದಾರಿ ಎಲ್ಲಿ ಮುಚ್ಚಿದೆಯೋ ಅಲ್ಲಿ ಕೆಂಪು ಬಣ್ಣದ ಗುರುತು ಹಾಕಿ.