ಕಡತಗಳಿಗೆ ನಾವು ಪರಕೀಯರಾದಾಗ



ನಮ್ಮ ಮನೆಯ ಗಣಕಯಂತ್ರ ಕೆಟ್ಟು, ವಿಂಡೋಸನ್ನು ಹೊಸದಾಗಿ ಅಳವಡಿಸಬೇಕಾಯಿತು. ಲಿಂಗೈಕ್ಯರಾದ ಪೂಜ್ಯ ತಂದೆಯವರು ನಿವೃತ್ತಿಯ ತರುವಾಯ ಬೆರಳಚ್ಚಿಸಿದ ವಚನ ಟಿಪ್ಪಣಿಗಳೆಲ್ಲ ಅದರಲ್ಲಿದ್ದವು. ಡಿಸ್ಕನ್ನು ಫಾರ್ಮ್ಯಾಟ್ ಮಾಡದ ಕಾರಣ ಅವು ‘ವಿಂಡೋಸ್ ಓಲ್ಡ್’ ಎಂಬ ಫೋಲ್ಡರಿನಲ್ಲಿ ಉಳಿದಿದ್ದವು. ಆದರೆ ತೆರೆಯಹೋದರೆ ಅನುಮತಿಯಿಲ್ಲವೆಂಬ ಉತ್ತರ! ಮನೆಯವರೆಲ್ಲ ಮರುಗಿದೆವು.

ವಾಸ್ತವವಾಗಿ ಏನೂ ನಷ್ಟವಾಗಿರಲಿಲ್ಲ. ವಿಂಡೋಸ್ ಬಳಕೆದಾರನನ್ನು ಹೆಸರಿನಿಂದಲ್ಲ, ಎಸ್‌ಐಡಿ ಎಂಬ ಗುರುತುಸಂಖ್ಯೆಯಿಂದ ಬಲ್ಲದು. ಮರಳಿ ಅಳವಡಿಸಿದಾಗ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟರೂ ಸಂಖ್ಯೆ ಹೊಸದಾಗಿರುತ್ತದೆ. ಹಳೆಯ ಕಡತಗಳ ಪಾಲಿಗೆ ನಾವು ಪರಕೀಯರು. ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಆ ಫೋಲ್ಡರಿನ ಪ್ರಾಪರ್ಟೀಸ್, ಅಲ್ಲಿ ಸೆಕ್ಯುರಿಟಿ, ಬಳಿಕ ಅಡ್ವಾನ್ಸ್ಡ್‌ಗೆ ಹೋಗಿ, ಓನರ್ ಎಂಬಲ್ಲಿ ನಮ್ಮ ಹೆಸರಿರಿಸಿ, ಒಳಗಿನ ಫೋಲ್ಡರುಗಳಿಗೂ ಅದು ಅನ್ವಯಿಸುವಂತೆ ಗುರುತು ಹಾಕಿದೆವು. ಪೂರ್ಣ ಅನುಮತಿಯನ್ನೂ ಸೇರಿಸಿದೆವು. ಬಾಗಿಲು ತೆರೆಯಿತು. ಆ ಫೋಲ್ಡರನ್ನು ವಿಂಡೋಸ್ ಕೆಲದಿನಗಳಲ್ಲಿ ತಾನೇ ಅಳಿಸುವುದುಂಟು. ಆದುದರಿಂದ ಒಡನೆಯೇ ಎಲ್ಲವನ್ನೂ ಪೆನ್‌ಡ್ರೈವಿಗೆ ನಕಲಿಸಿಕೊಂಡೆವು.

ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಟಿಪ್ಪಣಿಗಳು ಹಳೆಯ ನುಡಿ ಫಾಂಟಿನಲ್ಲಿದ್ದವು. ಅದನ್ನು ಮತ್ತೆ ಅಳವಡಿಸಿದೊಡನೆ ತಂದೆಯವರ ಮಾತುಗಳು ಮರಳಿದವು.

ಇಎಫ್‌ಎಸ್ ವಿಧಾನದಿಂದ ಗೂಢಲಿಪಿಯಾಗಿಸಿದ ಕಡತಗಳಿಗೆ ಮಾತ್ರ ಒಡೆತನ ಪಡೆದರೂ ಫಲವಿಲ್ಲ; ಮೊದಲೇ ತೆಗೆದಿರಿಸಿದ ಪ್ರಮಾಣಪತ್ರ ಮತ್ತು ಕೀಲಿ ಬೇಕು. ಬಿಟ್‌ಲಾಕರ್ ಹಾಕಿದ ಡಿಸ್ಕಿಗಾದರೆ 48 ಅಂಕಿಗಳ ಕೀಲಿ. ತಂದೆಯವರಿಗೆ ಮನೆಬಾಗಿಲಿಗೇ ಬೀಗ ಹಾಕುವ ರೂಢಿಯಿರಲಿಲ್ಲ, ಕಡತಗಳಿಗೂ ಹಾಕಿರಲಿಲ್ಲ.