ಹಾರಾಟವೂ ಕುಲಕಸುಬೇ?

ಕುಂಬಾರನ ಮಗ ತಿಗರಿ ತಿರುಗಿಸಿದರೆ, ನೇಕಾರನ ಮಗ ಮಗ್ಗದ ಗುಂಡಿಗೆ ಇಳಿದರೆ, ಅದರಲ್ಲಿ ಹೆಚ್ಚುಗಾರಿಕೆಯೇನೆಂದು ನಾವು ಸುಮ್ಮನಾಗುತ್ತೇವೆ. ವಿಮಾನ ನಡೆಸುವುದೂ ಹಾಗೆ ರಕ್ತದಲ್ಲಿ ಬರುವ ಕಸುಬೆ? ಈಚೆಗೆ ನಮ್ಮ ಅಧ್ಯಾಪಕರೊಬ್ಬರು ಓದಲು ಕೊಟ್ಟ ಆತ್ಮಕಥೆಯೊಂದು ನನ್ನಲ್ಲಿ ಈ ಪ್ರಶ್ನೆಯನ್ನೆಬ್ಬಿಸಿತು. ಅಲಾಸ್ಕದ ಹಿರಿಯ ವೈಮಾನಿಕ ಮೆರಿಲ್ ವೀನ್ ಬರೆದು, 2016ರಲ್ಲಿ ಪ್ರಕಟವಾದ ಆ ಪುಸ್ತಕದ ಹೆಸರು ‘ಬಾರ್ನ್ ಟು ಫ್ಲೈ’. ಹಾರಲೆಂದೇ ಹುಟ್ಟಿದವನು ಎಂದರ್ಥ. ಪುಸ್ತಕವನ್ನು ಮೆಚ್ಚಿದೆ. ಹೆಸರನ್ನು ಮಾತ್ರ ಒಪ್ಪಲಾರೆ.

ಅಲಾಸ್ಕದಲ್ಲಿ ರಸ್ತೆಗಳು ಬಲು ವಿರಳ. ದೂರದ ಹಳ್ಳಿಗಳಿಗೆ ಅಂಚೆ, ಔಷಧ, ದಿನಸಿ ಎಲ್ಲವೂ ಸಣ್ಣ ವಿಮಾನದಲ್ಲೇ ಹೋಗಬೇಕು. ಇಳಿಯಲು ನದಿಯ ಮರಳುದಿಣ್ಣೆಯೋ ಹೆಪ್ಪುಗಟ್ಟಿದ ಸರೋವರವೋ ಸಿಕ್ಕರೆ ಪುಣ್ಯ. ಮೆರಿಲರ ತಂದೆ ನೋಯೆಲ್ ವೀನ್ 1924ರಲ್ಲಿ ಆಂಕರೇಜಿನಿಂದ ಫೇರ್‌ಬ್ಯಾಂಕ್ಸಿಗೆ ಮೊದಲ ಸಲ ಹಾರಿದವರು. 1927ರಲ್ಲಿ ವಿಮಾನ ಸಂಸ್ಥೆ ಕಟ್ಟಿದವರು. ಅಂದಿನ ಚಳಿಗಾಲದಲ್ಲಿ ವಿಮಾನ ಇಳಿದೊಡನೆ ಎಂಜಿನ್ನಿನ ಎಣ್ಣೆಯನ್ನು ಬಸಿದಿಟ್ಟು, ಬೆಳಿಗ್ಗೆ ಬೆಂಕಿಯಲ್ಲಿ ಕಾಯಿಸಿ ಮತ್ತೆ ಹೊಯ್ಯಬೇಕಿತ್ತು. ಇಲ್ಲವಾದರೆ ಎಣ್ಣೆ ಗಟ್ಟಿಯಾಗಿ ಎಂಜಿನ್ ಅಲುಗದು. ಇದನ್ನು ಹುಟ್ಟಿನಿಂದಲೇ ಬಲ್ಲವರು ಯಾರು?

ಮೆರಿಲ್ ಹುಟ್ಟಿದ್ದು 1930ರಲ್ಲಿ. ಅದೇ ವರ್ಷ ತಂದೆಯ ಸೋದರ ರಾಲ್ಫ್ ವಿಮಾನಾಪಘಾತದಲ್ಲಿ ಇಬ್ಬರು ಪಾದ್ರಿಗಳೊಡನೆ ಮಡಿದರು. ತೊಟ್ಟಿಲು ಮತ್ತು ಸೂತಕ ಒಂದೇ ವರ್ಷ ಕಂಡ ಮನೆ ಅದು. ಆದರೂ ಮಗನಿಗೆ ಹಾರಲು ಕಲಿಸಿದರು! ‘ರಕ್ತಗುಣ’ ಎಂದುಬಿಟ್ಟರೆ ಆ ತಾಯಿತಂದೆಯರ ಧೈರ್ಯವೂ, ಎಣ್ಣೆ ಕಾಯಿಸಿದ ಆ ಮುಂಜಾವುಗಳೂ ಲೆಕ್ಕಕ್ಕೇ ಬಾರದೆ ಹೋಗುತ್ತವೆ.

ಇಷ್ಟು ಕಾವಿನಿಂದ ಬರೆಯಲು ನನಗೆ ಸ್ವಂತ ಕಾರಣವೂ ಉಂಟು. ನನ್ನ ತಂದೆ ಬಸ್ ಚಾಲಕರು. ಇಪ್ಪತ್ತಾರು ವರ್ಷ ಘಟ್ಟದ ಹಾದಿಯಲ್ಲೇ ಕಳೆದವರು. ಎಂಜಿನ್ನಿನ ಸದ್ದಿನಿಂದಲೇ ದೋಷ ಗುರುತಿಸಬಲ್ಲರು. ಆದರೆ “ನೀನು ಮಾತ್ರ ಸ್ಟೀರಿಂಗ್ ಮುಟ್ಟಬೇಡ” ಎಂಬುದು ಅವರ ಒಂದೇ ಮಾತು. ಅವರ ವಿದ್ಯೆ ನನಗೆ ಬರಲಿಲ್ಲ; ರಕ್ತವೇನೋ ಅವರದೇ.

ನಮ್ಮ ವಾಚನಾಲಯದ ಕಪಾಟಿನಲ್ಲಿ ಮುಖಂಡರ, ಸಾಹಿತಿಗಳ ಆತ್ಮಕಥೆಗಳು ಬೇಕಾದಷ್ಟಿವೆ. ಚಾಲಕನದು, ಕಮ್ಮಾರನದು ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ. ವೀನ್ ಬರೆದುದರಿಂದಲ್ಲವೆ ಆ ಮನೆಯ ಕಸುಬು ನನ್ನಂಥವನಿಗೂ ತಿಳಿದುದು?

ಕಳೆದ ರಜೆಯಲ್ಲಿ ನೋಟುಬುಕ್ಕು ಹಿಡಿದು, “ಅಪ್ಪಾ, ಮಂಜು ಕವಿದಾಗ ತಿರುವು ಹೇಗೆ ತಿಳಿಯುತ್ತೆ?” ಎಂದು ಕೇಳಿದೆ. “ಅದರಲ್ಲಿ ಬರೆಯೋದೇನಿದೆಯೋ?” ಎಂದು ನಕ್ಕರು. ಆಮೇಲೆ ಹೇಳತೊಡಗಿದರು. ಈವರೆಗೆ ಹದಿನೆಂಟು ಪುಟಗಳಾಗಿವೆ.