ಹಿಂದೆ ಅಡಗಿದ ಸಕ್ಕರೆ ಮುಂದಕ್ಕೆ ಬರುವುದು ಯಾವಾಗ?

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಅಧ್ಯಕ್ಷರಿಗೆ ಬಹಿರಂಗ ಪತ್ರ



ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಬುಡದಲ್ಲೊಂದು ಚಿಲ್ಲರೆ ಅಂಗಡಿ. ನಾಲ್ಕು ವರ್ಷದ ಮಗ ಕೋಲಾ ಬೇಕೆಂದು ಹಟ ಹಿಡಿದಿದ್ದಾನೆ. ‘ಅದು ಬೇಡ ಕಣಪ್ಪ, ಹಣ್ಣಿಂದು ಕುಡಿ, ಒಳ್ಳೇದು’ ಎನ್ನುತ್ತಾ ತಾಯಿ ಮಾವಿನ ಜ್ಯೂಸ್ ಕೊಡಿಸುತ್ತಾರೆ. ಬಾಟಲಿಯ ಮುಂದೆ ರಸ ತೊಟ್ಟಿಕ್ಕುವ ಹಣ್ಣಿನ ಚಿತ್ರ. ತಿರುಗಿಸಿದರೆ ಸಾಸಿವೆ ಕಾಳಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರ: 100 ಮಿ.ಲೀ.ಗೆ ಸಕ್ಕರೆ 13 ಗ್ರಾಂ. ಅಂದರೆ 150 ಮಿ.ಲೀ. ಕುಡಿದರೆ ಸುಮಾರು ಐದು ಚಮಚ ಸಕ್ಕರೆ ಹೊಟ್ಟೆಗೆ.

ದಿನದ ಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು ಶೇ 5ರೊಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ವಯಸ್ಸಿನ ಮಗುವಿಗೆ ಅದು ಸುಮಾರು 17 ಗ್ರಾಂ. ಒಂದೇ ಬಾಟಲಿ ಆ ಗೆರೆ ದಾಟಿತು.

ತಾಯಿಯದು ತಪ್ಪಲ್ಲ. ಆಕೆ ಆರಿಸಿದ್ದು ಮಗನ ಒಳ್ಳೆಯದಕ್ಕೇ. ಹೇಳಬೇಕಾದವರು ಹೇಳಲಿಲ್ಲ.

ಹೇಳುತ್ತೇವೆಂದು ಮಾತು ಕೊಟ್ಟವರು ತಾವೇ. ಸಕ್ಕರೆ, ಉಪ್ಪು, ಕೊಬ್ಬಿನ ವಿಷಯವನ್ನು ಪೊಟ್ಟಣದ ಮುಂಭಾಗದಲ್ಲೇ ತಿಳಿಸುವ ಕರಡು ನಿಯಮ ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ಅಭಿಪ್ರಾಯ ಕೇಳಿದಿರಿ, ಜನ ಬರೆದರು. 14,000ಕ್ಕೂ ಹೆಚ್ಚು ಅಭಿಪ್ರಾಯ ಬಂದವು. ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು. 2025ರ ಏಪ್ರಿಲ್‌ನಲ್ಲಿ ನಿಮ್ಮ ಸಮಿತಿ ಶಿಫಾರಸು ಕೊಡಲು ನ್ಯಾಯಾಲಯ ಮೂರು ತಿಂಗಳು ಕೊಟ್ಟಿತು, ಜುಲೈನಲ್ಲಿ ಇನ್ನೂ ಮೂರು ತಿಂಗಳು. ಹುತ್ರಿದುರ್ಗದ ಬಾಟಲಿಯ ಮುಂದೆ ಇನ್ನೂ ಹಣ್ಣೇ ಇದೆ.

ಚಿಲಿ ದೇಶ 2016ರಲ್ಲೇ ‘ಸಕ್ಕರೆ ಹೆಚ್ಚು’ ಎಂಬ ಕಪ್ಪು ಅಷ್ಟಕೋನದ ಗುರುತನ್ನು ಪೊಟ್ಟಣದ ಮುಂದೆ ಹಾಕಿಸಿತು. ಅಲ್ಲಿ ಆದದ್ದು ಇಲ್ಲೇಕೆ ಆಗದು?

ಇನ್ನು ಭಾಷೆ. ಲೇಬಲ್ ಇಂಗ್ಲಿಷಿನಲ್ಲೋ ದೇವನಾಗರಿ ಹಿಂದಿಯಲ್ಲೋ ಇದ್ದರೆ ನಿಮ್ಮ ನಿಯಮಕ್ಕೆ ಸಾಕು. ಆ ನಿಯಮದ ಪ್ರಕಾರ ಕನ್ನಡ ಕಂಪನಿಯ ಇಷ್ಟ. ಕನ್ನಡವಷ್ಟೇ ಓದಬಲ್ಲ ತಾಯಿ ಏನು ನೋಡಿ ಆರಿಸಬೇಕು?

ಮಕ್ಕಳಿಗೆ ಒಳ್ಳೆಯ ಪಾನೀಯಕ್ಕೆ ಬರವಿಲ್ಲ. ಇದೇ ಸೀಮೆಯ ಸರ್ಕಾರಿ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯ ಯೋಜನೆಯ ಹಾಲಿದೆ, 2024ರ ಫೆಬ್ರುವರಿಯಿಂದ ರಾಗಿ ಮಾಲ್ಟ್ ಇದೆ. ಮನೆಯಲ್ಲಿ ಮಜ್ಜಿಗೆ, ರಾಗಿ ಅಂಬಲಿ, ಎಳನೀರು ಇವೆ. ಎರಡು ವರ್ಷದೊಳಗಿನ ಮಕ್ಕಳಿಗೆ ಜ್ಯೂಸ್ ಬೇಡವೇ ಬೇಡ ಎನ್ನುತ್ತದೆ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ. ಆದರೆ ಅಂಗಡಿ ಮುಂದೆ ನಿಂತವರಿಗೆ ಆ ಮಾತು ಮುಟ್ಟಿಸುವವರು ಯಾರು?

2024ರ ಏಪ್ರಿಲ್‌ನಲ್ಲಿ ‘ಹೆಲ್ತ್ ಡ್ರಿಂಕ್’ ಎಂಬ ಪಟ್ಟಿಯಿಂದ ಮಾಲ್ಟ್ ಪುಡಿಗಳನ್ನು ತೆಗೆಯಿರೆಂದು ಆನ್‌ಲೈನ್ ಮಾರಾಟಗಾರರಿಗೆ ಹೇಳಿದಿರಿ. ಹಳ್ಳಿಯ ಅಮ್ಮಂದಿರು ಆನ್‌ಲೈನಲ್ಲಿ ಕೊಳ್ಳುತ್ತಾರೆಯೇ? ಶಾಲೆಯ ಗೇಟಿನಿಂದ 50 ಮೀಟರ್‌ವರೆಗೆ ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ತಿನಿಸು ಮಾರಬಾರದೆಂಬ 2020ರ ನಿಯಮ ನಿಮ್ಮದೇ. ಟೇಪು ಹಿಡಿದು ಅಳೆದವರೆಷ್ಟು ಮಂದಿ? ಕರಡು, ಸಮಿತಿ, ಗಡುವು ಎನ್ನುತ್ತಲೇ ಇರುತ್ತೀರಿ; ಆ ಕರಡು ಬಂದ ವರ್ಷ ಹುಟ್ಟಿದ ಕೂಸುಗಳು ಆಗಲೇ ಅಂಗನವಾಡಿ ಸೇರಿವೆ.

ಕೇಳುವುದು ಇಷ್ಟೇ: ಬಾಟಲಿಯ ಮುಂದೆ, ಹಣ್ಣಿನ ಚಿತ್ರದ ಪಕ್ಕದಲ್ಲೇ, ಎಷ್ಟು ಚಮಚ ಸಕ್ಕರೆ ಇದೆಯೆಂದು ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಸಿ. ಯಾವ ತಾರೀಖಿನಿಂದ ಎಂಬುದನ್ನೂ ಈ ಸಲ ಹೇಳಿ.